ಮೂರು ಒಲಿಂಪಿಕ್ಸ್, ಎರಡು ಪದಕ: ನಾರ್ವೆಯ ಹವ್ಯಾಸಿ ಬಾಕ್ಸರ್ ಸ್ವೆರ್ರೆ ಸೋರ್ಸ್‌ಡಾಲ್

ಪ್ರಶ್ನೆ: 1920ರ ಆಂಟ್‌ವರ್ಪ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಎಡ್ಡಿ ಈಗನ್ ಚಿನ್ನ ಗೆದ್ದ ಬಗ್ಗೆ ಓದುತ್ತಿದ್ದಾಗ, ಫೈನಲ್‌ನಲ್ಲಿ ಅವರ ಎದುರು ಸೋತವರು ನಾರ್ವೆಯ ಸ್ವೆರ್ರೆ ಸೋರ್ಸ್‌ಡಾಲ್ ಎಂದು ತಿಳಿಯಿತು. ಅದೇ ಹೆಸರು 1924 ಮತ್ತು 1928ರ ಫಲಿತಾಂಶಗಳಲ್ಲೂ ಇದೆ. ಆದರೆ ನಾರ್ವೆಯ ಬಾಕ್ಸಿಂಗ್ ಎಂದೊಡನೆ ಎಲ್ಲರೂ ಹೇಳುವುದು ಚಿನ್ನ ಗೆದ್ದ ಒಟ್ಟೊ ಫಾನ್ ಪೊರಾಟ್ ಅವರ ಹೆಸರನ್ನು. ಹಣಕ್ಕಾಗಿ ಆಡದ ಬಾಕ್ಸರ್ ಒಬ್ಬರ ಸಾಧನೆಯನ್ನು ಹೇಗೆ ಅಳೆಯಬೇಕು? ಇವರಿಬ್ಬರಲ್ಲಿ ಯಾರು ದೊಡ್ಡವರು? ಆ ಕಾಲದಲ್ಲಿ ಪದಕ ಗೆಲ್ಲುತ್ತಿದ್ದ ನಾರ್ವೆ ಆಮೇಲೆ ಏಕೆ ಗೆಲ್ಲಲಿಲ್ಲ?

ಉತ್ತರ: ನಿಮ್ಮ ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಉಳಿದುದೆಲ್ಲ ಅದರಿಂದಲೇ ಬಿಚ್ಚಿಕೊಳ್ಳುತ್ತದೆ. ಒಂದೇ ಕೂಟದ ಶಿಖರವನ್ನು ನೋಡಿದರೆ ಪೊರಾಟ್ ದೊಡ್ಡವರು. ಒಲಿಂಪಿಕ್ಸ್ ಬಾಕ್ಸಿಂಗ್‌ನಲ್ಲಿ ನಾರ್ವೆಗೆ ಇಂದಿನವರೆಗೂ ಬಂದಿರುವ ಏಕೈಕ ಚಿನ್ನ ಅವರದು. ಆದರೆ ಹವ್ಯಾಸಿ ಬಾಕ್ಸರ್ ಆಗಿ ನಡೆಸಿದ ಬದುಕನ್ನು ಇಡಿಯಾಗಿ ತೂಗಿದರೆ ನನ್ನ ಮಟ್ಟಿಗೆ ಸೋರ್ಸ್‌ಡಾಲ್ ಅವರೇ ಮುಂದೆ ನಿಲ್ಲುತ್ತಾರೆ. 1900ರಲ್ಲಿ ಹುಟ್ಟಿದ ಅವರು 1920ರಲ್ಲಿ ಬೆಳ್ಳಿ, 1924ರಲ್ಲಿ ಕಂಚು ಗೆದ್ದು, 1928ರಲ್ಲಿ ಮೇಲಿನ ತೂಕವರ್ಗಕ್ಕೆ ಹೋಗಿ ನಾಲ್ಕನೆಯ ಸ್ಥಾನ ಪಡೆದರು. ಒಲಿಂಪಿಕ್ಸ್ ಬಾಕ್ಸಿಂಗ್‌ನಲ್ಲಿ ಎರಡು ಪದಕ ಪಡೆದ ನಾರ್ವೆಯ ಬಾಕ್ಸರ್ ಅವರೊಬ್ಬರೇ. ಒಬ್ಬ ಬಾಕ್ಸರ್ ಎಂಟು ವರ್ಷಗಳ ಕಾಲ, ಮೂರು ಕೂಟಗಳಲ್ಲಿ, ಮೂರು ಬಾರಿಯೂ ಕೊನೆಯ ನಾಲ್ವರಲ್ಲಿ ಉಳಿಯುವುದು ಎಷ್ಟು ಅಪರೂಪವೆಂಬುದು ಆ ಕಾಲದ ಸ್ಪರ್ಧೆಯ ಸ್ವರೂಪವನ್ನು ತಿಳಿದರೆ ಮಾತ್ರ ಅರಿವಿಗೆ ಬರುತ್ತದೆ.

ಮೊದಲು ಹಿನ್ನೆಲೆ. 1912ರ ಒಲಿಂಪಿಕ್ಸ್ ನಾರ್ವೆಯ ಪಕ್ಕದಲ್ಲೇ, ಸ್ಟಾಕ್‌ಹೋಮ್‌ನಲ್ಲಿ ನಡೆದಿತ್ತು. ಆದರೆ ಬಾಕ್ಸಿಂಗ್‌ಗೆ ಸ್ವೀಡನ್ನಿನ ಕಾನೂನಿನಲ್ಲಿ ಅವಕಾಶವಿರಲಿಲ್ಲವಾದ್ದರಿಂದ ಆ ಕೂಟದಲ್ಲಿ ಬಾಕ್ಸಿಂಗ್ ಸ್ಪರ್ಧೆಯೇ ಇರಲಿಲ್ಲ. 1916ರ ಕೂಟವನ್ನು ಮಹಾಯುದ್ಧ ನುಂಗಿತು. ಹೀಗಾಗಿ ಉತ್ತರ ಯುರೋಪಿನ ಬಾಕ್ಸರುಗಳು ಗುಂಪಾಗಿ ಒಲಿಂಪಿಕ್ಸ್ ರಿಂಗ್‌ಗೆ ಇಳಿಯಲು 1920ರ ಆಂಟ್‌ವರ್ಪ್‌ವರೆಗೂ ಕಾಯಬೇಕಾಯಿತು. ಹವ್ಯಾಸಿ ಬಾಕ್ಸಿಂಗ್‌ನ ಮೊದಲ ಅಂತರರಾಷ್ಟ್ರೀಯ ಒಕ್ಕೂಟ ರೂಪುಗೊಂಡದ್ದೂ ಅದೇ ವರ್ಷ. ಸೋರ್ಸ್‌ಡಾಲ್ ಅವರ ತಲೆಮಾರಿಗೆ ಮುಂದೆ ನೋಡಿ ಅನುಸರಿಸಲು ಹಿರಿಯರ ಮಾದರಿಯೇ ಇರಲಿಲ್ಲ. 1920ರಲ್ಲಿ ನಾರ್ವೆಯ ಜನಸಂಖ್ಯೆ ಸುಮಾರು 26 ಲಕ್ಷ. ಜನರ ಒಲವು ಹಿಮಜಾರಾಟ ಮತ್ತು ಹಿಮದ ಮೇಲಿನ ಓಟಗಳ ಕಡೆಗೆ. ಇಂಥ ದೇಶದಿಂದ ಬಂದ ಯುವಕನೊಬ್ಬ ಮೊದಲ ಪ್ರಯತ್ನದಲ್ಲೇ ಫೈನಲ್ ತಲುಪಿದ್ದು ಸಣ್ಣ ಸಂಗತಿಯಲ್ಲ.

ಆಂಟ್‌ವರ್ಪ್‌ನಲ್ಲಿ ಬಾಕ್ಸಿಂಗ್ ನಡೆದದ್ದು ನಗರದ ಪ್ರಾಣಿಸಂಗ್ರಹಾಲಯಕ್ಕೆ ಸೇರಿದ ಸಭಾಂಗಣದಲ್ಲಿ. ಯುದ್ಧ ಮುಗಿದು ಎರಡು ವರ್ಷವೂ ತುಂಬದಿದ್ದ ಬೆಲ್ಜಿಯಂಗೆ ಹೆಚ್ಚು ಹೊಸ ಕಟ್ಟಡ ಕಟ್ಟುವ ಶಕ್ತಿಯಿರಲಿಲ್ಲ. ಹಲವು ಸ್ಪರ್ಧೆಗಳನ್ನು ಇದ್ದ ಕಟ್ಟಡಗಳಲ್ಲೇ ನಡೆಸಿದರು. ಎಂಟು ತೂಕವರ್ಗಗಳ ಸ್ಪರ್ಧೆಗಳೆಲ್ಲ ಆಗಸ್ಟ್ 21ರಿಂದ 24ರವರೆಗೆ, ಅಂದರೆ ನಾಲ್ಕೇ ದಿನಗಳಲ್ಲಿ ಮುಗಿದವು. ಸೋರ್ಸ್‌ಡಾಲ್ ಅವರದು ಲೈಟ್ ಹೆವಿವೇಟ್ ವರ್ಗ. ಅದರ ಮೇಲಿನ ಮಿತಿ 175 ಪೌಂಡ್, ನಮ್ಮ ಲೆಕ್ಕದಲ್ಲಿ 79.38 ಕಿಲೋ. ಫೈನಲ್‌ನಲ್ಲಿ ಎದುರಾದವರು ಈಗನ್. ಬ್ರಿಟನ್ನಿನ ಹೆರಾಲ್ಡ್ ಫ್ರಾಂಕ್ಸ್ ಕಂಚು ಪಡೆದರು.

ಈಗನ್ ಯಾರು ಎಂಬುದು ಇಲ್ಲಿ ಮುಖ್ಯ. ಅವರು ಯೇಲ್‌ನಲ್ಲಿ ಓದಿದವರು, ಬಳಿಕ ರೋಡ್ಸ್ ವಿದ್ಯಾರ್ಥಿವೇತನದ ಮೇಲೆ ಆಕ್ಸ್‌ಫರ್ಡ್‌ಗೆ ಹೋದವರು, ಮುಂದೆ ವಕೀಲರಾದವರು. 1932ರಲ್ಲಿ ಲೇಕ್ ಪ್ಲಾಸಿಡ್‌ನ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ನಾಲ್ವರ ಬಾಬ್‌ಸ್ಲೆಡ್ (ಮಂಜಿನ ಇಳಿಜಾರಿನಲ್ಲಿ ಜಾರುವ ಬಂಡಿ) ತಂಡದಲ್ಲಿದ್ದು ಇನ್ನೊಂದು ಚಿನ್ನವನ್ನೂ ಗೆದ್ದರು. ಬೇಸಿಗೆ ಮತ್ತು ಚಳಿಗಾಲದ ಕೂಟಗಳೆರಡರಲ್ಲೂ ಬೇರೆ ಬೇರೆ ಕ್ರೀಡೆಗಳಲ್ಲಿ ಚಿನ್ನ ಗೆದ್ದವರು ಅವರೊಬ್ಬರೇ. ಬಾಕ್ಸಿಂಗ್ ಅವರಿಗೆ ಜೀವನೋಪಾಯ ಆಗಿರಲಿಲ್ಲ. ಕೊನೆಯವರೆಗೂ ಹವ್ಯಾಸಿಯಾಗಿಯೇ ಉಳಿದರು. ಹಾಗಾಗಿ 1920ರ ಆ ಫೈನಲ್ ಹವ್ಯಾಸಿ ಬಾಕ್ಸಿಂಗ್ ತನ್ನ ಆದರ್ಶವೆಂದು ಹೇಳಿಕೊಳ್ಳುತ್ತಿದ್ದುದನ್ನು ನಿಜವಾಗಿಯೂ ಪಾಲಿಸಿದ ಇಬ್ಬರ ನಡುವಿನ ಸೆಣಸಾಟವಾಗಿತ್ತು. ಪ್ರತಿ ಬಾರಿ ಈಗನ್ ಕಥೆ ಹೇಳುವಾಗ ಎದುರಾಳಿಯನ್ನು ಒಂದು ಹೆಸರಾಗಿ ಮಾತ್ರ ದಾಟಿಬಿಡುವುದು ನನಗೆ ಸರಿಯೆನಿಸುವುದಿಲ್ಲ. ಆ ಎದುರಾಳಿ ಮತ್ತೆರಡು ಒಲಿಂಪಿಕ್ಸ್‌ಗಳಲ್ಲಿ ಕೊನೆಯ ಹಂತದವರೆಗೆ ಬಂದರು. ಈಗನ್ ಅವರೋ 1924ರಲ್ಲಿ ಅತಿ ಭಾರದ ವರ್ಗವಾದ ಹೆವಿವೇಟ್‌ನಲ್ಲಿ ಇಳಿದು ಮೊದಲ ಪಂದ್ಯದಲ್ಲೇ ಹೊರಬಿದ್ದರು.

ಈಗ ನಿಮ್ಮ ಮೊದಲ ಪ್ರಶ್ನೆಗೆ ಬರುತ್ತೇನೆ. ವೃತ್ತಿಪರ ಬಾಕ್ಸರ್‌ನ ಸಾಧನೆಯನ್ನು ಅವನ ಪಂದ್ಯಗಳ ದಾಖಲೆಯಿಂದ ಅಳೆಯುತ್ತೇವೆ: ಎಷ್ಟು ಗೆದ್ದ, ಎಷ್ಟು ಸೋತ, ಎಷ್ಟು ಜನರನ್ನು ನಾಕೌಟ್ ಮಾಡಿದ ಎಂದು. ಆ ದಾಖಲೆಯಲ್ಲಿ ಎದುರಾಳಿಯನ್ನು ಆರಿಸುವವನು ವ್ಯವಸ್ಥಾಪಕ. ತನ್ನ ಬಾಕ್ಸರ್ ಬೆಳೆಯುವವರೆಗೆ ದುರ್ಬಲರನ್ನು ಎದುರಿಗೆ ತಂದು ನಿಲ್ಲಿಸುವುದು, ಗಾಯವಾದರೆ ತಿಂಗಳುಗಟ್ಟಲೆ ಕಾಯುವುದು, ಅಪಾಯಕಾರಿ ಎದುರಾಳಿಯನ್ನು ವರ್ಷಗಟ್ಟಲೆ ದೂರವಿಡುವುದು ಎಲ್ಲವೂ ಅಲ್ಲಿ ನಡೆಯುತ್ತದೆ. ಹವ್ಯಾಸಿ ಕೂಟದಲ್ಲಿ ಈ ಸ್ವಾತಂತ್ರ್ಯ ಸ್ವಲ್ಪವೂ ಇಲ್ಲ. ಚೀಟಿ ಎತ್ತಿ ಎದುರಾಳಿಯನ್ನು ನಿರ್ಧರಿಸುವ ಡ್ರಾದಲ್ಲಿ ಯಾರ ಹೆಸರು ಬರುತ್ತದೋ ಅವರೊಡನೆ ಆಡಬೇಕು. ಬೆಳಿಗ್ಗೆ ತೂಕದ ತಕ್ಕಡಿ ಏರಿ, ಮಿತಿಗಿಂತ ಸ್ವಲ್ಪ ಹೆಚ್ಚಾದರೂ ಸ್ಪರ್ಧೆಯಿಂದ ಹೊರಗೆ, ಸಂಜೆ ರಿಂಗ್‌ಗೆ, ಗೆದ್ದರೆ ಮರುದಿನ ಮತ್ತೆ ತಕ್ಕಡಿ, ಮತ್ತೆ ರಿಂಗ್. ಹಿಂದಿನ ರಾತ್ರಿ ಹುಬ್ಬಿನ ಮೇಲೆ ಆದ ಗಾಯ ಒಣಗಿರುವುದಿಲ್ಲ, ಊದಿದ ಬೆರಳಿನ ಗೆಣ್ಣು ಇಳಿದಿರುವುದಿಲ್ಲ, ಆದರೂ ಮುಂದಿನ ಎದುರಾಳಿ ಕಾಯುತ್ತಿರುತ್ತಾನೆ.

ಪಂದ್ಯ ಮೂರೇ ಸುತ್ತು. ವೃತ್ತಿಪರನಿಗೆ ಹತ್ತು ಹದಿನೈದು ಸುತ್ತುಗಳಿರುವುದರಿಂದ ಮೊದಲ ಸುತ್ತುಗಳಲ್ಲಿ ಎದುರಾಳಿಯನ್ನು ಅಳೆದು ನೋಡಲು ಸಮಯವಿರುತ್ತದೆ. ಹವ್ಯಾಸಿಗೆ ಒಂದು ಸುತ್ತು ಕೈಬಿಟ್ಟರೆ ಮೂರನೇ ಒಂದು ಭಾಗ ಪಂದ್ಯವೇ ಹೋದಂತೆ. ತಲೆಗೆ ರಕ್ಷಾಕವಚ ಇರಲಿಲ್ಲ. ಒಲಿಂಪಿಕ್ಸ್‌ನಲ್ಲಿ ಅದು ಬಂದದ್ದು 1984ರಲ್ಲಿ. ವೃತ್ತಿಪರರು ಬರಿ ಮೈಯಲ್ಲಿ ಆಡುತ್ತಿದ್ದರೆ ಹವ್ಯಾಸಿಗಳು ಬನಿಯನ್ ತೊಟ್ಟು ಆಡುತ್ತಿದ್ದರು. ಹೊಡೆತಗಳನ್ನು ಎಣಿಸುವ ಯಂತ್ರ ಇರಲಿಲ್ಲ. ತೀರ್ಪುಗಾರರು ಮತ್ತು ರೆಫರಿ ತಮ್ಮ ಕಣ್ಣನ್ನು ನಂಬಿ ಫಲಿತಾಂಶ ಹೇಳುತ್ತಿದ್ದರು. ಆದ್ದರಿಂದ ಹವ್ಯಾಸಿ ಬಾಕ್ಸರ್‌ನನ್ನು ಅಳೆಯುವಾಗ ನಾನು ಅವನ ಒಟ್ಟು ಗೆಲುವುಗಳಿಗಿಂತ, ತಾನು ಆರಿಸದ ಎದುರಾಳಿಗಳ ಎದುರು, ತಾನು ಆರಿಸದ ದಿನಗಳಲ್ಲಿ, ಎಷ್ಟು ಬಾರಿ ಕೂಟದ ಕೊನೆಯವರೆಗೆ ಉಳಿದ ಎಂಬುದನ್ನು ನೋಡುತ್ತೇನೆ. ಒಂದು ಬಾರಿ ಉಳಿಯಲು ಒಳ್ಳೆಯ ಡ್ರಾ ಸಾಕಾಗಬಹುದು. ನಾಲ್ಕು ನಾಲ್ಕು ವರ್ಷಗಳ ಅಂತರದಲ್ಲಿ ಮೂರು ಬಾರಿ ಉಳಿಯಲು ಅದೃಷ್ಟ ಸಾಲದು.

1924ರ ಜುಲೈಯಲ್ಲಿ ಪ್ಯಾರಿಸ್‌ನ ಒಳಾಂಗಣ ಸೈಕಲ್ ಕ್ರೀಡಾಂಗಣವಾದ ವೆಲೊಡ್ರೋಮ್ ದಿವೇರ್‌ನಲ್ಲಿ ಬಾಕ್ಸಿಂಗ್ ನಡೆಯಿತು. ಆ ಕೂಟವನ್ನು ತೀರ್ಪುಗಳ ಗಲಾಟೆಗಾಗಿ ಇಂದಿಗೂ ನೆನೆಯುತ್ತಾರೆ. ಲೈಟ್ ಹೆವಿವೇಟ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಮಿಡಲ್‌ವೇಟ್‌ನಲ್ಲಿ ಲಂಡನ್ನಿನ ಪೊಲೀಸ್, ಹಿಂದಿನ ಕೂಟದ ಚಿನ್ನದ ವಿಜೇತ ಹ್ಯಾರಿ ಮ್ಯಾಲಿನ್ ಅವರ ಎದೆಯನ್ನು ಫ್ರಾನ್ಸಿನ ರೋಜೆ ಬ್ರೂಸ್ ಪಂದ್ಯದ ನಡುವೆ ಕಚ್ಚಿದರು. ತೀರ್ಪು ಮೊದಲು ಫ್ರಾನ್ಸಿನವರ ಪರವಾಗಿ ಬಂತು. ಸ್ವೀಡನ್ನಿನ ಅಧಿಕಾರಿಯೊಬ್ಬರು ಆಕ್ಷೇಪ ಎತ್ತಿದರು, ಹಲ್ಲಿನ ಗುರುತನ್ನು ಪರೀಕ್ಷಿಸಲಾಯಿತು, ಬ್ರೂಸ್ ಅವರನ್ನು ಅನರ್ಹಗೊಳಿಸಲಾಯಿತು. ನೆರೆದಿದ್ದ ಸ್ಥಳೀಯ ಪ್ರೇಕ್ಷಕರು ರೊಚ್ಚಿಗೆದ್ದರು. ಮ್ಯಾಲಿನ್ ಮುಂದೆ ಚಿನ್ನವನ್ನೂ ಗೆದ್ದರು. ಇಂಥ ಕಾವೇರಿದ ಸಭಾಂಗಣದಲ್ಲಿ, ತಮ್ಮ ಪರವಾಗಿ ಕೂಗಲು ದೊಡ್ಡ ಬೆಂಬಲಿಗರ ಪಡೆಯಿಲ್ಲದ ಸಣ್ಣ ದೇಶದ ಇಬ್ಬರು ಬಾಕ್ಸರುಗಳು ಪದಕದ ತನಕ ಹೋದದ್ದನ್ನು ಗಮನಿಸಬೇಕು.

ಲೈಟ್ ಹೆವಿವೇಟ್‌ನಲ್ಲಿ ಬ್ರಿಟನ್ನಿನ ಹ್ಯಾರಿ ಮಿಚೆಲ್ ಚಿನ್ನ, ಡೆನ್ಮಾರ್ಕಿನ ಥ್ಯೂಗೆ ಪೀಟರ್‌ಸನ್ ಬೆಳ್ಳಿ, ಸೋರ್ಸ್‌ಡಾಲ್ ಕಂಚು ಪಡೆದರು. ನಾಲ್ಕನೆಯವರು ಇಟಲಿಯ ಕಾರ್ಲೊ ಸರೌದಿ. ಹೆವಿವೇಟ್‌ನಲ್ಲಿ ಪೊರಾಟ್ ಫೈನಲ್‌ನಲ್ಲಿ ಡೆನ್ಮಾರ್ಕಿನ ಸೊರೆನ್ ಪೀಟರ್‌ಸನ್ ಅವರನ್ನು ಮಣಿಸಿ ಚಿನ್ನ ಗೆದ್ದರು. ಈ ಪೀಟರ್‌ಸನ್ ಆಂಟ್‌ವರ್ಪ್‌ನಲ್ಲೂ ಫೈನಲ್ ತಲುಪಿ ಬೆಳ್ಳಿಗೆ ತೃಪ್ತಿಪಟ್ಟಿದ್ದವರು. ಅಂಥ ಅನುಭವಿಯನ್ನು 20 ವರ್ಷದ ಪೊರಾಟ್ ಸೋಲಿಸಿದರು. ಪೊರಾಟ್ ಹುಟ್ಟಿದ್ದು 1903ರಲ್ಲಿ, ಸ್ವೀಡನ್ನಿನಲ್ಲಿ; ನಾರ್ವೆ ಮತ್ತು ಸ್ವೀಡನ್ ಆಗ ಇನ್ನೂ ಒಬ್ಬನೇ ದೊರೆಯ ಕೆಳಗಿದ್ದವು, 1905ರಲ್ಲಿ ಬೇರೆಯಾದವು. ಸ್ಕ್ಯಾಂಡಿನೇವಿಯಾದ ಬಾಕ್ಸಿಂಗ್ ಆಗ ಹೇಗಿತ್ತು ಎಂಬುದಕ್ಕೆ ಈ ಎರಡು ವರ್ಗಗಳ ಫಲಿತಾಂಶವೇ ಸಾಕ್ಷಿ: ಎರಡರಲ್ಲೂ ಬೆಳ್ಳಿ ಡೆನ್ಮಾರ್ಕಿಗೆ, ಒಂದರಲ್ಲಿ ಚಿನ್ನ, ಇನ್ನೊಂದರಲ್ಲಿ ಕಂಚು ನಾರ್ವೆಗೆ. ಅದೇ ಕೂಟದ ಲೈಟ್‌ವೇಟ್ ಚಿನ್ನವೂ ಡೆನ್ಮಾರ್ಕಿನ ಹನ್ಸ್ ಯಾಕೊಬ್ ನೀಲ್ಸನ್ ಅವರ ಪಾಲಾಯಿತು. ನೆರೆಯಲ್ಲೇ ಇಂಥ ಎದುರಾಳಿಗಳಿದ್ದುದರಿಂದ ನಾರ್ವೆಯವರಿಗೆ ಪಳಗಲು ದೂರ ಹೋಗಬೇಕಾಗಿರಲಿಲ್ಲ. ಮರುವರ್ಷ, 1925ರಲ್ಲಿ, ಮೊದಲ ಯುರೋಪಿಯನ್ ಹವ್ಯಾಸಿ ಬಾಕ್ಸಿಂಗ್ ಚಾಂಪಿಯನ್‌ಷಿಪ್ ನಡೆದದ್ದೂ ಸ್ಟಾಕ್‌ಹೋಮ್‌ನಲ್ಲಿ. ಹದಿಮೂರು ವರ್ಷಗಳ ಹಿಂದೆ ಒಲಿಂಪಿಕ್ಸ್ ಬಾಕ್ಸಿಂಗ್‌ಗೆ ಜಾಗ ಸಿಗದ ಅದೇ ನಗರದಲ್ಲಿ.

ಪ್ಯಾರಿಸ್ ನಂತರ ಇಬ್ಬರ ದಾರಿಗಳು ಬೇರೆಯಾದವು, ಮತ್ತು ಜನರ ನೆನಪು ಪೊರಾಟ್ ಕಡೆಗೆ ವಾಲಿದ್ದಕ್ಕೆ ಚಿನ್ನದಷ್ಟೇ ಇದೂ ಕಾರಣ. ಪೊರಾಟ್ 1926ರಲ್ಲಿ ವೃತ್ತಿಪರರಾಗಿ ಅಮೆರಿಕಕ್ಕೂ ಹೋದರು. ಅವರ ಪಂದ್ಯಗಳಲ್ಲಿ ಹೆಚ್ಚು ಚರ್ಚೆಯಾದದ್ದು 1929ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಬ್ರಿಟನ್ನಿನ ಫಿಲ್ ಸ್ಕಾಟ್ ಎದುರಿನದು. ಸೊಂಟದ ಕೆಳಗೆ ಹೊಡೆದರೆಂದು ಎರಡನೆಯ ಸುತ್ತಿನಲ್ಲಿ ಪೊರಾಟ್ ಅವರನ್ನು ಅನರ್ಹಗೊಳಿಸಿದರು. ಅಂಥ ಪಂದ್ಯಗಳ ಬಗ್ಗೆ ಪತ್ರಿಕೆಗಳು ಪುಟಗಟ್ಟಲೆ ಬರೆಯುತ್ತಿದ್ದವು. ನಾರ್ವೆಯ ಇನ್ನೊಬ್ಬ ಬಾಕ್ಸರ್, ಸ್ಟವಾಂಗರ್‌ನಲ್ಲಿ ಬೆಳೆದ, ಹಗುರ ವರ್ಗವಾದ ಬ್ಯಾಂಟಮ್‌ವೇಟ್‌ನ ಪೀಟ್ ಸಾನ್‌ಸ್ಟೋಲ್, ಕೂಡ ಅಟ್ಲಾಂಟಿಕ್ ದಾಟಿ ಹೋಗಿ 1931ರ ಆಗಸ್ಟ್‌ನಲ್ಲಿ ಮಾಂಟ್ರಿಯಲ್‌ನಲ್ಲಿ ಪನಾಮದ ಅಲ್ ಬ್ರೌನ್ ಎದುರು ವಿಶ್ವ ಪಟ್ಟಕ್ಕಾಗಿ ಹದಿನೈದು ಸುತ್ತು ಹೋರಾಡಿದರು. ಹವ್ಯಾಸಿಯ ಪಂದ್ಯಕ್ಕೆ ಟಿಕೆಟ್ ಮಾರಿ ಲಾಭ ಮಾಡುವ ವ್ಯವಸ್ಥಾಪಕನಿರುವುದಿಲ್ಲ, ಆದ್ದರಿಂದ ಅವನ ಹೆಸರನ್ನು ದಿನವೂ ಪತ್ರಿಕೆಯಲ್ಲಿ ಇರಿಸಬೇಕೆಂಬ ಹಿತಾಸಕ್ತಿಯೂ ಯಾರಿಗೂ ಇರುವುದಿಲ್ಲ. ಸೋರ್ಸ್‌ಡಾಲ್ ಮರೆವಿಗೆ ಸಂದದ್ದು ಅವರ ಮಟ್ಟ ಕಡಿಮೆಯಿತ್ತೆಂದಲ್ಲ.

ಹವ್ಯಾಸಿಯಾಗಿ ಉಳಿಯುವುದು ಎಷ್ಟು ಕಟ್ಟುನಿಟ್ಟಿನ ಷರತ್ತಾಗಿತ್ತು ಎಂಬುದಕ್ಕೆ ನಾರ್ವೆಯಲ್ಲೇ ಇನ್ನೊಂದು ಉದಾಹರಣೆ ಇದೆ. ಕೋಲೂರಿ ಜಿಗಿಯುವ ಪೋಲ್‌ವಾಲ್ಟ್‌ನಲ್ಲಿ ವಿಶ್ವದಾಖಲೆಯನ್ನು ಮತ್ತೆ ಮತ್ತೆ ಮುರಿದು 1925ರಲ್ಲಿ 4.25 ಮೀಟರ್ ತಲುಪಿದ ಚಾರ್ಲ್ಸ್ ಹಾಫ್, 1926ರಲ್ಲಿ ಅಮೆರಿಕ ಪ್ರವಾಸದ ವೇಳೆ ಹಣದ ವಿಚಾರದಲ್ಲಿ ನಿಯಮ ಮೀರಿದರೆಂಬ ಕಾರಣಕ್ಕೆ ಹವ್ಯಾಸಿ ಸ್ಥಾನವನ್ನೇ ಕಳೆದುಕೊಂಡರು. ಆಗ ಜಗತ್ತಿನಲ್ಲಿ ಅವರಷ್ಟು ಎತ್ತರ ಜಿಗಿಯುವವರು ಬೇರೆ ಯಾರೂ ಇರಲಿಲ್ಲ. ಆದರೂ 1928ರ ಒಲಿಂಪಿಕ್ಸ್ ಬಾಗಿಲು ಅವರಿಗೆ ಮುಚ್ಚಿತು. ಒಂದು ಪ್ರದರ್ಶನಕ್ಕೆ ಹಣ ಪಡೆದರೂ, ಹಣ ಪಡೆದು ತರಬೇತಿ ಕೊಟ್ಟರೂ ಅಪಾಯವಿತ್ತು. ಅಂಥ ದಿನಗಳಲ್ಲಿ 1920ರಿಂದ 1928ರವರೆಗೆ ಒಲಿಂಪಿಕ್ಸ್‌ಗೆ ಅರ್ಹರಾಗಿ ಉಳಿಯಬೇಕಾದರೆ, ರಿಂಗ್‌ನಿಂದ ಒಂದು ಕ್ರೋನ್ (ನಾರ್ವೆಯ ನಾಣ್ಯ) ಕೂಡ ಪಡೆಯದೆ, ತರಬೇತಿಯ ಸಮಯವನ್ನು ಬದುಕಿನ ಬೇರೆ ಕೆಲಸಗಳ ನಡುವಿನಿಂದ ಹೊಂದಿಸಿಕೊಳ್ಳಬೇಕಿತ್ತು. ಪೊರಾಟ್ ಹಣದ ದಾರಿ ಹಿಡಿದದ್ದರಲ್ಲಿ ತಪ್ಪೇನೂ ಇಲ್ಲ. ತಲೆಗೆ ಪೆಟ್ಟು ತಿನ್ನುವ ಕೆಲಸಕ್ಕೆ ಸಂಬಳ ಕೇಳುವುದು ನ್ಯಾಯವೇ. ಆದರೆ ಎಂಟು ವರ್ಷ ಸಂಬಳವಿಲ್ಲದೆ ಅದೇ ಪೆಟ್ಟು ತಿಂದವರ ಲೆಕ್ಕವನ್ನೂ ಯಾರಾದರೂ ಇಡಬೇಕು.

ಇನ್ನು 1928. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಸೋರ್ಸ್‌ಡಾಲ್ ಹೆವಿವೇಟ್‌ನಲ್ಲಿ ಇಳಿದರು. ಲೈಟ್ ಹೆವಿವೇಟ್‌ನಲ್ಲಿ ಎದುರಾಳಿ ಎಷ್ಟೇ ದೊಡ್ಡವನಾದರೂ 79.38 ಕಿಲೋ ಮೀರುವಂತಿಲ್ಲ. ಹೆವಿವೇಟ್‌ಗೆ ಆಗ ಮೇಲಿನ ಮಿತಿಯೇ ಇರಲಿಲ್ಲ. ಹತ್ತು ಹದಿನೈದು ಕಿಲೋ ಹೆಚ್ಚು ಭಾರದವನು ಎದುರಾದರೂ ಅದೇ ಮೂರು ಸುತ್ತು ಆಡಬೇಕು. ವಯಸ್ಸು 28ರ ಆಸುಪಾಸಿನಲ್ಲಿದ್ದಾಗ ಈ ಬದಲಾವಣೆ ಮಾಡಿಕೊಂಡು ಅವರು ಮತ್ತೆ ಸೆಮಿಫೈನಲ್ ತಲುಪಿದರು. ಅರ್ಜೆಂಟೀನಾದ ಆರ್ತುರೊ ರೊಡ್ರಿಗೆಸ್ ಹುರಾದೊ ಚಿನ್ನ, ಸ್ವೀಡನ್ನಿನ ನಿಲ್ಸ್ ರಾಮ್ ಬೆಳ್ಳಿ, ಡೆನ್ಮಾರ್ಕಿನ ಮೈಕೆಲ್ ಮೈಕೆಲ್ಸನ್ ಕಂಚು ಪಡೆದರು, ಸೋರ್ಸ್‌ಡಾಲ್ ನಾಲ್ಕನೆಯವರಾದರು. ಮೊದಲ ನಾಲ್ವರಲ್ಲಿ ಮೂವರು ಉತ್ತರ ಯುರೋಪಿನವರು. ಹುರಾದೊ ತಮ್ಮ ದೇಶದ ರಗ್ಬಿ ತಂಡದಲ್ಲೂ ಆಡಿದ ಕಟ್ಟುಮಸ್ತಾದ ಆಟಗಾರ. ಎದುರಾಳಿಗಳ ಮೈಕಟ್ಟು ಹೇಗಿತ್ತೆಂಬುದನ್ನು ಇದರಿಂದ ಊಹಿಸಬಹುದು.

ಈ ನಾಲ್ಕನೆಯ ಸ್ಥಾನದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಇಂದಿನ ಓದುಗರು ಎಡವುವುದು ಇಲ್ಲೇ. 2008ರ ಬೀಜಿಂಗ್‌ನಲ್ಲಿ ವಿಜೇಂದರ್ ಸಿಂಗ್, 2012ರ ಲಂಡನ್‌ನಲ್ಲಿ ಮೇರಿ ಕೋಮ್, ಟೋಕಿಯೊದಲ್ಲಿ ಲವ್ಲಿನಾ ಬೊರ್ಗೊಹೈನ್ ಕಂಚು ಪಡೆದದ್ದು ಸೆಮಿಫೈನಲ್‌ನಲ್ಲಿ ಸೋತ ಬಳಿಕ. ಸೆಮಿಫೈನಲ್‌ನಲ್ಲಿ ಸೋತ ಇಬ್ಬರಿಗೂ ಕಂಚು ಎಂಬುದು ಈಗಿನ ನಿಯಮವಾದ್ದರಿಂದ ಅವರು ಇನ್ನೊಂದು ಪಂದ್ಯ ಆಡಬೇಕಾಗಿರಲಿಲ್ಲ. ಎರಡು ಯುದ್ಧಗಳ ನಡುವಿನ ಕಾಲದಲ್ಲಿ ಹೀಗಿರಲಿಲ್ಲ. ಸೋತ ಇಬ್ಬರು ಮೂರನೆಯ ಸ್ಥಾನಕ್ಕಾಗಿ ಮತ್ತೆ ಸೆಣಸಬೇಕಿತ್ತು. ಗಾಯದಿಂದ ರಿಂಗ್‌ಗೆ ಇಳಿಯಲಾಗದಿದ್ದರೆ ಎದುರಾಳಿಗೆ ಪದಕ ಕೊಟ್ಟುಬಿಡುತ್ತಿದ್ದರು. 1952ರ ಹೆಲ್ಸಿಂಕಿಯಲ್ಲಿ ಈ ಪಂದ್ಯವನ್ನು ಕೈಬಿಟ್ಟರು, ಆದರೆ ಆ ವರ್ಷ ಸೋತವರಿಗೆ ಪದಕವನ್ನೂ ಕೊಡಲಿಲ್ಲ. ಅವರಿಗೆ ಕಂಚನ್ನು ಅಧಿಕೃತವಾಗಿ ನೀಡಿದ್ದು 1970ರಲ್ಲಿ. 1928ರವರಿಗೆ ಅಂಥ ಹಿಂದಿನ ತಾರೀಕಿನ ಪದಕ ಬರಲಿಲ್ಲ. ಇಂದಿನ ನಿಯಮವಿದ್ದಿದ್ದರೆ ಸೋರ್ಸ್‌ಡಾಲ್ ಮೂರು ಒಲಿಂಪಿಕ್ಸ್‌ಗಳಲ್ಲಿ ಮೂರು ಪದಕ ಪಡೆದವರಾಗುತ್ತಿದ್ದರು, ಅದೂ ಎರಡು ತೂಕವರ್ಗಗಳಲ್ಲಿ. ದಾಖಲೆಯಲ್ಲಿ ಎರಡೇ ಪದಕ ಎಂದು ಬರೆಯಬೇಕು, ಅದು ಸರಿ. ಆದರೆ ಅವರನ್ನು ಈಗಿನ ಕಾಲದ ಕಂಚಿನ ಪದಕ ವಿಜೇತರೊಂದಿಗೆ ಹೋಲಿಸುವಾಗ 1928ರ ಆ ಸಾಲನ್ನು ಸೋಲೆಂದು ಎಣಿಸುವುದು ನ್ಯಾಯವಲ್ಲ. 1924ರ ಅವರ ಕಂಚಿಗೂ ಇಂದಿನ ಕಂಚಿಗಿಂತ ಒಂದು ಹಂತ ಹೆಚ್ಚಿನ ಬೆಲೆಯಿದೆ; ಅವರು ಮೂರನೆಯವರು, ಮೂರನೆಯ ಸ್ಥಾನವನ್ನು ಹಂಚಿಕೊಂಡವರಲ್ಲ.

ಅದೇ ಕಾಲದಲ್ಲಿ ನಾರ್ವೆಯ ಕ್ರೀಡಾಲೋಕ ಒಳಗಿನಿಂದಲೇ ಎರಡಾಗಿತ್ತು. 1924ರಲ್ಲಿ ಕಾರ್ಮಿಕ ಚಳವಳಿ ತನ್ನದೇ ಕ್ರೀಡಾ ಒಕ್ಕೂಟವನ್ನು ಕಟ್ಟಿಕೊಂಡಿತು. ಹಳೆಯ ರಾಷ್ಟ್ರೀಯ ಒಕ್ಕೂಟ ಮಧ್ಯಮವರ್ಗದ ಕೈಯಲ್ಲಿದೆ, ಮುಷ್ಕರದ ವೇಳೆ ಮಾಲೀಕರ ಪರ ನಿಲ್ಲುತ್ತದೆ ಎಂಬುದು ಅವರ ದೂರು. ಬಾಕ್ಸಿಂಗ್‌ನಂಥ ದುಡಿಯುವವರ ಕ್ರೀಡೆಗೆ ಈ ಒಡಕು ನೇರವಾಗಿ ತಟ್ಟಿತು, ಏಕೆಂದರೆ ಒಲಿಂಪಿಕ್ಸ್‌ಗೆ ಕಳುಹಿಸುವ ಅಧಿಕಾರ ರಾಷ್ಟ್ರೀಯ ಒಕ್ಕೂಟದ್ದಾಗಿತ್ತು. ಕಾರ್ಮಿಕರ ಕೂಟಗಳು ಬೇರೆಯಾಗಿದ್ದವು. 1928ರ ಆಗಸ್ಟ್‌ನಲ್ಲಿ ಸೋರ್ಸ್‌ಡಾಲ್ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಆಡುತ್ತಿದ್ದಾಗ, ಅದಕ್ಕೆ ಎದುರಾಗಿ ಸ್ಪಾರ್ಟಕಿಯಾಡ್ ಎಂಬ ಕಾರ್ಮಿಕರ ಕ್ರೀಡಾಕೂಟ ಮಾಸ್ಕೋದಲ್ಲಿ ಅದೇ ತಿಂಗಳು ನಡೆಯಿತು. 26 ಲಕ್ಷ ಜನರ ದೇಶವೊಂದು ತನ್ನ ಬಾಕ್ಸರುಗಳನ್ನು ಎರಡು ಅಂಗಳಗಳಿಗೆ ಹಂಚಿಕೊಂಡಿದ್ದ ಕಾಲದಲ್ಲಿ ಈ ಪದಕಗಳು ಬಂದವು ಎಂಬುದನ್ನು ನೆನಪಿನಲ್ಲಿಡಬೇಕು.

1932ರ ಲಾಸ್ ಏಂಜಲೀಸ್ ಯುರೋಪಿಗೆ ಬಹು ದೂರ, ಅದೂ ಆರ್ಥಿಕ ಕುಸಿತದ ವರ್ಷ. ನಾರ್ವೆಯ ಬಾಕ್ಸಿಂಗ್‌ಗೆ ಅಲ್ಲಿಂದ ಏನೂ ಬರಲಿಲ್ಲ. 1936ರ ಬರ್ಲಿನ್‌ನಲ್ಲಿ ಮತ್ತೆರಡು ಪದಕಗಳು ಬಂದವು. ಮಿಡಲ್‌ವೇಟ್‌ನಲ್ಲಿ ಹೆನ್ರಿ ಟಿಲ್ಲರ್ ಫೈನಲ್‌ನಲ್ಲಿ ಫ್ರಾನ್ಸಿನ ಝಾನ್ ದೆಪೋ ಎದುರು ಸೋತು ಬೆಳ್ಳಿ ಪಡೆದರು. ಹೆವಿವೇಟ್‌ನಲ್ಲಿ ಜರ್ಮನಿಯ ಹರ್ಬರ್ಟ್ ರುಂಗೆ, ಅರ್ಜೆಂಟೀನಾದ ಗಿಯೆರ್ಮೊ ಲೊವೆಲ್ ನಂತರ ಎರ್ಲಿಂಗ್ ನಿಲ್ಸೆನ್ ಕಂಚು ಗೆದ್ದರು. ನಾರ್ವೆಯ ಕಾರ್ಮಿಕ ಕ್ರೀಡಾ ಒಕ್ಕೂಟ ಹಿಟ್ಲರನ ಕೂಟವನ್ನು ಬಹಿಷ್ಕರಿಸಿತ್ತು. ಬಾರ್ಸಿಲೋನಾದಲ್ಲಿ ಅದಕ್ಕೆ ಪರ್ಯಾಯವಾಗಿ ನಡೆಯಬೇಕಿದ್ದ ಜನತಾ ಒಲಿಂಪಿಯಾಡ್ ಸ್ಪೇನಿನ ಅಂತರ್ಯುದ್ಧ ಸಿಡಿದದ್ದರಿಂದ ನಡೆಯಲೇ ಇಲ್ಲ.

ಇಲ್ಲಿಗೆ ಲೆಕ್ಕ ಪೂರ್ತಿಯಾಗುತ್ತದೆ: ಒಂದು ಚಿನ್ನ, ಎರಡು ಬೆಳ್ಳಿ, ಎರಡು ಕಂಚು. ಒಲಿಂಪಿಕ್ಸ್ ಬಾಕ್ಸಿಂಗ್‌ನಲ್ಲಿ ನಾರ್ವೆಯ ಒಟ್ಟು ಪದಕಗಳು ಈ ಐದೇ, ಮತ್ತು ಐದೂ 1920ರಿಂದ 1936ರ ನಡುವಿನವು. ಇನ್ನೊಂದು ವಿಶೇಷವೆಂದರೆ ಐದೂ ಮಿಡಲ್‌ವೇಟ್ ಮತ್ತು ಅದಕ್ಕಿಂತ ಮೇಲಿನ ವರ್ಗಗಳಲ್ಲಿ ಬಂದವು. ಹಗುರ ವರ್ಗಗಳಲ್ಲಿ ಅಮೆರಿಕ, ಇಟಲಿ, ಅರ್ಜೆಂಟೀನಾಗಳ ನಗರಗಳಿಂದ ಬರುತ್ತಿದ್ದ ಹುಡುಗರ ವೇಗಕ್ಕೆ ನಾರ್ವೆಯವರು ಸಾಟಿಯಾಗಲಿಲ್ಲ. ಭಾರದ ವರ್ಗಗಳಲ್ಲಿ ಸ್ಪರ್ಧಿಗಳ ಸಂಖ್ಯೆಯೂ ಕಡಿಮೆ ಇರುತ್ತಿತ್ತು, ಎತ್ತರದ ಮೈಕಟ್ಟಿನ ಲಾಭವೂ ಇತ್ತು.

ಕೊನೆಯದಾಗಿ ನಿಮ್ಮ ಮೂರನೆಯ ಪ್ರಶ್ನೆ. 1940ರ ಏಪ್ರಿಲ್‌ನಲ್ಲಿ ಜರ್ಮನಿ ನಾರ್ವೆಯನ್ನು ಆಕ್ರಮಿಸಿತು. ನಾಜಿ ಪರ ಆಡಳಿತ ಕ್ರೀಡಾ ಸಂಸ್ಥೆಗಳನ್ನು ತನ್ನ ಹಿಡಿತಕ್ಕೆ ತೆಗೆದುಕೊಳ್ಳಲು ಹೊರಟಾಗ, ಒಂದು ಕಾಲದಲ್ಲಿ ಕಚ್ಚಾಡುತ್ತಿದ್ದ ಎರಡೂ ಒಕ್ಕೂಟಗಳ ಕ್ರೀಡಾಪಟುಗಳು ಒಟ್ಟಾಗಿ ಅಧಿಕೃತ ಸ್ಪರ್ಧೆಗಳಿಂದ ಹಿಂದೆ ಸರಿದರು. ಆ ಕ್ರೀಡಾ ಮುಷ್ಕರ 1945ರವರೆಗೆ ನಡೆಯಿತು. ಐದು ವರ್ಷ ಕೂಟಗಳೇ ಇಲ್ಲದಿದ್ದರೆ ಬಾಕ್ಸಿಂಗ್‌ನಲ್ಲಿ ಒಂದು ಇಡೀ ಪೀಳಿಗೆ ಕಳೆದುಹೋಗುತ್ತದೆ. ಆ ನಷ್ಟವನ್ನು ಅವರು ತಿಳಿದೇ ಒಪ್ಪಿಕೊಂಡರು, ಮತ್ತು ಅದಕ್ಕಾಗಿ ಅವರನ್ನು ಗೌರವಿಸಬೇಕು.

ಆದರೆ ಮುಂದಿನ ದಶಕಗಳ ಬರಗಾಲಕ್ಕೆ ಯುದ್ಧವೊಂದೇ ಕಾರಣವಲ್ಲ. ಅನೇಕರು ನಾರ್ವೆಯ ನಿಷೇಧವನ್ನು ದೂರುತ್ತಾರೆ. 1981ರಲ್ಲಿ ಸಂಸತ್ತು ವೃತ್ತಿಪರ ಬಾಕ್ಸಿಂಗ್ ನಿಷೇಧಿಸಿದ್ದು ನಿಜ; ಅದನ್ನು ತೆರವು ಮಾಡಿದ್ದು 2014ರ ಕೊನೆಯಲ್ಲಿ, ಬಳಿಕ ಸೆಸಿಲಿಯಾ ಬ್ರೆಕ್‌ಹುಸ್ 2016ರ ಅಕ್ಟೋಬರ್‌ನಲ್ಲಿ ಓಸ್ಲೋದಲ್ಲಿ ತವರಿನವರ ಮುಂದೆ ಆಡಿದರು. ಆದರೆ ಆ ಕಾನೂನು ಹವ್ಯಾಸಿ ಬಾಕ್ಸಿಂಗ್ ಅನ್ನು ನಿಲ್ಲಿಸಿರಲಿಲ್ಲ. ಮೇಲಾಗಿ ಅದು ಬರುವ ಹೊತ್ತಿಗೆ ನಾರ್ವೆ ಒಲಿಂಪಿಕ್ಸ್ ಪದಕ ಕಂಡು 45 ವರ್ಷಗಳಾಗಿದ್ದವು. ನಿಜವಾದ ಕಾರಣ ಎದುರಾಳಿಗಳು ಬದಲಾದದ್ದು. 1952ರಲ್ಲಿ ಸೋವಿಯತ್ ಒಕ್ಕೂಟ ಒಲಿಂಪಿಕ್ಸ್‌ಗೆ ಬಂತು, ಪೋಲೆಂಡಿನಂಥ ದೇಶಗಳು ಬೆಳೆದವು, 1972ರಿಂದ ಕ್ಯೂಬಾ ಮೇಲೆದ್ದಿತು. ಆ ಬಾಕ್ಸರುಗಳು ಕಾಗದದ ಮೇಲೆ ಹವ್ಯಾಸಿಗಳು. ಆದರೆ ಸರ್ಕಾರವೇ ಅವರ ಊಟ, ವಸತಿ, ತರಬೇತಿಯ ಭಾರ ಹೊತ್ತು, ವರ್ಷವಿಡೀ ಅವರಿಗೆ ಬೇರೆ ಕೆಲಸವಿಲ್ಲದಂತೆ ನೋಡಿಕೊಳ್ಳುತ್ತಿತ್ತು. ದಿನದ ದುಡಿಮೆ ಮುಗಿಸಿ ಸಂಜೆ ಕ್ಲಬ್ಬಿಗೆ ಬಂದು ಗ್ಲೌಸ್ ಕಟ್ಟಿಕೊಳ್ಳುವ ಸೋರ್ಸ್‌ಡಾಲ್ ಕಾಲದ ಹವ್ಯಾಸಿಗೆ ಅವರೆದುರು ನಾಲ್ಕು ದಿನಗಳಲ್ಲಿ ನಾಲ್ಕು ಪಂದ್ಯ ಗೆಲ್ಲುವ ಅವಕಾಶ ಉಳಿದಿರಲಿಲ್ಲ. ಡೆನ್ಮಾರ್ಕ್ ಮತ್ತು ಸ್ವೀಡನ್‌ಗಳ ಪದಕಗಳೂ ಇದೇ ಕಾರಣದಿಂದ ವಿರಳವಾದವು.